ಮರಿಯಮಬಿ ತೊಳೆದ ಬೋಟಿ

ಸವಣೂರಿನ ಆಡುಗಳ ಕರುಳಲ್ಲಿ ಲೋಳೆಯೇ ಇಲ್ಲ ಎಂದು ನಾನು ಇಡೀ ಎರಡು ದಿನ ನಂಬಿದ್ದೆ. ಕತ್ತೆ ಅನ್ನಿ, ಬೇಜಾರಿಲ್ಲ.

ಕರುಳಿನ ಒಳಗೋಡೆಗೂ ಹಿಕ್ಕೆಗೂ ನಡುವೆ ತೆಳ್ಳನೆಯ ಲೋಳೆಯ ಪದರ ಇರುತ್ತದೆ. ಅದರ ದಪ್ಪವನ್ನು ಮೈಕ್ರೋಸ್ಕೋಪಿನಲ್ಲಿ ಅಳೆಯುವುದೇ ನನ್ನ ಸಂಶೋಧನೆ. ಹದಿನೈದನೇ ತಾರೀಖಿಗೆ ಅಳತೆ ಒಪ್ಪಿಸದಿದ್ದರೆ ಇನ್ನೊಂದು ವರ್ಷ ಹಾಳು ಎಂದು ಶಿಗ್ಗಾಂವಿಯ ನಮ್ಮ ಗೈಡ್ ಪರಮೇಶಪ್ಪ ಸರ್ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಹುಡುಗಿ ನಾನು, ಮೂಗಿಗೆ ದುಪಟ್ಟಾ ಒತ್ತಿಕೊಂಡು ಸವಣೂರಿನ ಇಸ್ಮಾಯಿಲಸಾಬರ ಮಟನ್ ಅಂಗಡಿಗೆ ಹೋದದ್ದು ಹೀಗೆ.

"ಚಾಚಾ, ಬೋಟಿ ಬೇಕ್ರಿ. ತೊಳೀಬ್ಯಾಡ್ರಿ. ಹಿಕ್ಕಿ ಒಳಗ ಇರಬೇಕು."

ಇಸ್ಮಾಯಿಲಸಾಬರು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು. ಬೋಟಿ, ಅಂದರೆ ಆಡಿನ ಕರುಳು, ತೊಳೆಯುವುದು ಅವರ ಹೆಂಡತಿ ಮರಿಯಮಬಿಯ ಕೆಲಸ. ಬಿಸಿನೀರು, ಸುಣ್ಣ, ಮತ್ತೆ ಬಿಸಿನೀರು. ಆಕೆಯ ಬೋಟಿಗೆ ಬಂಕಾಪುರದಿಂದಲೂ ಗಿರಾಕಿ ಬರುತ್ತಾರೆ. ಆಕೆಯ ಅತ್ತೆ, ಅತ್ತೆಯ ಅತ್ತೆ ಕಾಲದಿಂದ ತೊಳೆಯದ ಬೋಟಿ ಆ ಹೊಸ್ತಿಲು ದಾಟಿರಲಿಲ್ಲ.

"ಆತು, ಆಕೀಗೆ ಹೇಳ್ತೇನಿ," ಎಂದು ಒಳಗೆ ಹೋದರು. ಮುಕ್ಕಾಲು ತಾಸಿನ ಮೇಲೆ ಬೋಟಿ ಬಂತು. ಎರಡೂ ತುದಿಗೆ ದಾರದ ಗಂಟು, ಒಳಗೆ ಹಿಕ್ಕೆ. ಅಷ್ಟು ಹೊತ್ತು ಯಾಕೆ ಬೇಕಾಯಿತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಅದನ್ನು ಕೆಡದಂತೆ ಇಡುವ ದ್ರಾವಣದ ಬಾಟಲಿಗೆ ಹಾಕಿ ಬಸ್ಸು ಹಿಡಿದೆ.

ಮೂರು ದಿನ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಿಕ್ಕೆ ನೇರ ಗೋಡೆಗೇ ಅಂಟಿ ಕೂತಿದೆ. ನಡುವೆ ನೀಲಿ ಬಣ್ಣ ಹಿಡಿಯಬೇಕಿದ್ದ ಲೋಳೆಯ ಸುಳಿವಿಲ್ಲ. ಸರ್ ಮೂರು ಸಲ ಕನ್ನಡಕ ಒರೆಸಿ ನೋಡಿದರು.

"ಅಂಕಿತಾ, ಇದು ಹೊಸಾ ಶೋಧ ಇರಬೇಕು! ಇನ್ನೊಂದ ಬೋಟಿ ತಂದು ಖಾತ್ರಿ ಮಾಡು."

ಎರಡು ದಿನ ನಾನು ಕನಸಿನಲ್ಲಿ ಹಾರ ಹಾಕಿಸಿಕೊಂಡೆ. ಹನ್ನೊಂದನೇ ತಾರೀಖು ಫೋನ್ ಮಾಡಿ ಬೋಟಿ ಹೇಳಿ, ಅಂಗಡಿಗೆ ಬೇಗನೇ ಹೋಗಿ ನೇರ ಹಿತ್ತಲಿಗೆ ನಡೆದೆ. ಮರಿಯಮಬಿ ಮಣೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಹಾಲಿನಷ್ಟು ಬೆಳ್ಳಗಿನ ಕರುಳು. ಅದರೊಳಗೆ ಒಂದೊಂದೇ ಹಿಕ್ಕೆ ತುಂಬುತ್ತಿದ್ದಳು.

"ಚಾಚಿ! ಏನ್ ಮಾಡಾಕತ್ತೀರಿ?"

"ಹಿಕ್ಕಿ ಬೇಕಂದಿದ್ಯಲ್ಲ ನೀನು? ತೊಳದು ತುಂಬಾಕತ್ತೇನಿ. ಹೆದರಬ್ಯಾಡ, ಅದ ಆಡಿಂದ. ಬ್ಯಾರೆದು ಬೆರಸಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು, ಆಮೇಲೆ ಅಳು ಬಂತು. ನಾಲ್ಕೇ ದಿನ ಉಳಿದಿದ್ದವು. ತೊಳೆದರೆ ಲೋಳೆ ಹೋಗುತ್ತದೆ, ಲೋಳೆ ಹೋದರೆ ನನ್ನ ವರ್ಷ ಹೋಗುತ್ತದೆ ಎಂದು ಬಿಕ್ಕುತ್ತ ಹೇಳಿದೆ.

"ಹುಚ್ಚಿ, ವರ್ಷದ ಮಾತು ಮೊದಲ ಹೇಳಬೇಕಿಲ್ಲ?"

ಆಕೆ ಎದ್ದು ಆಗಷ್ಟೇ ಕೊಯ್ದ ಆಡಿನ ಕರುಳು ತಂದಳು. ತೊಳೆಯದೆ ಗಂಟು ಹಾಕುವಾಗ ಮುಖ ಅತ್ತ ತಿರುಗಿಸಿಕೊಂಡಿದ್ದಳು. ನಾನು ಬಾಟಲಿ ಮುಚ್ಚಿದ ಮೇಲೆ ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿ, ಅದನ್ನು ಪೇಪರಿನಲ್ಲಿ ಸುತ್ತಿ ನನ್ನ ಚೀಲದ ತಳಕ್ಕೆ ತುರುಕಿದಳು.

"ಯಾರರ ಕೇಳಿದ್ರ ಕೊತ್ತಂಬರಿ ಅನ್ನು."

ಹದಿನಾಲ್ಕನೇ ತಾರೀಖು ಮೈಕ್ರೋಸ್ಕೋಪಿನಲ್ಲಿ ನೀಲಿ ಪಟ್ಟಿ ಕಂಡಿತು. ಅಳೆದು ಬರೆದುಕೊಂಡೆ. ಸರ್‌ಗಿಂತ ಮೊದಲು ಫೋನ್ ಮಾಡಿದ್ದು ಮರಿಯಮಬಿಗೆ.

"ಸಿಕ್ತ್ರಿ ಚಾಚಿ!"

"ಎಷ್ಟ ದಪ್ಪ ಐತಿ?"

"ಕೂದಲದ ಅರ್ಧದಷ್ಟು."

ಆ ಕಡೆ ಮರಿಯಮಬಿ ಹಣೆ ಬಡಿದುಕೊಂಡದ್ದು ಫೋನಿನಲ್ಲೇ ಕೇಳಿಸಿತು.

"ಅರ್ಧ ಕೂದಲಕ್ಕ ನಮ್ಮ ಅತ್ತೆಂದಿರ ಮಾನ ತಗೊಂಡ್ಯಲ್ಲವಾ!"

ಆ ತಾಯಿಗೆ ಏನು ಕೊಟ್ಟರೂ ಕಡಿಮೆಯೇ. "ನನ್ನ ಥೀಸಿಸ್ ಪುಸ್ತಕದಾಗ ನಿಮ್ಮ ಅಂಗಡಿ ಹೆಸರು ಅಚ್ಚು ಹಾಕಿಸ್ತೇನ್ರಿ," ಎಂದೆ.

"ಯಾ ಅಲ್ಲಾ! ತೊಳೀಲಾರದ ಬೋಟಿ ಕೊಟ್ಟೋರು ಅಂತನ? ಹಾಕಲೇಬೇಕಂದ್ರ ಎದುರಿನ ನಯೀಮನ ಅಂಗಡಿ ಹೆಸರು ಹಾಕು!"