ಮನೆಗೆ ಕಳಿಸಿದವಳ ನಂಬರು

"ಓದು! ಕಣ್ಣು ತಲೇಲಿದೆಯಾ, ಇಲ್ಲ ಅದನ್ನೂ ಮಾರ್ಕೊಂಡಿದ್ದೀಯಾ? ಗಟ್ಟಿಯಾಗಿ ಓದು, ಎಲ್ರಿಗೂ ಕೇಳಲಿ!"

ಗಾಜಿನ ಕಿಂಡಿಯಿಂದ ಒಳಗೆ ಬಿದ್ದ ಮಾತ್ರೆಯ ಡಬ್ಬಿ ಕೀಲಿಮಣೆಗೆ ಬಡಿದು ನಿಂತಿತು. ಎಸೆದವಳು ಕಾರ್ಖಾನೆಯ ಸಮವಸ್ತ್ರದಲ್ಲೇ ಓಡಿಬಂದಿದ್ದ ಹೆಂಗಸು. ಅವಳ ಬೆನ್ನಿಗೆ ಹದಿನಾಲ್ಕು ಜನರ ಸಾಲು. ಒಳಗಿದ್ದ ಫಾರ್ಮಸಿಸ್ಟ್ ಡಬ್ಬಿಯನ್ನೆತ್ತಿ ಲೇಬಲ್ ನೋಡಿದಳು.

"ದಿನಕ್ಕೆ ಒಂದು."

"ಡಾಕ್ಟರು ಏನು ಬರ್ದಿದ್ರು?"

ಕೀಲುಗಳ ಊತಕ್ಕೆ ಕೊಡುವ ಆ ಸಣ್ಣ ಹಳದಿ ಮಾತ್ರೆಯನ್ನು ವಾರದಲ್ಲಿ ಒಂದೇ ದಿನ ನುಂಗಬೇಕು. ದಿನವೂ ನುಂಗಿದರೆ ಅದು ವಿಷ. ಕಾಲೇಜು ಮೆಟ್ಟಿಲು ಹತ್ತಿದವರೆಲ್ಲ ಬಾಯಿಪಾಠ ಮಾಡಿದ ಸಂಗತಿ.

"ವಾರಕ್ಕೆ ಒಂದು."

"ಹನ್ನೆರಡು ದಿನ ನುಂಗಿದ್ದಾಳೆ ನಮ್ಮಮ್ಮ, ನೀವು ಬರ್ದಿದ್ದೇ ಸತ್ಯ ಅಂತ. ಬಾಯಿ ತುಂಬ ಹುಣ್ಣು, ಗುಟುಕು ನೀರು ಇಳೀತಿಲ್ಲ. ಆಸ್ಪತ್ರೆಯವರು ರಕ್ತ ನೋಡಿ ತಲೆ ಮೇಲೆ ಕೈ ಹೊತ್ತಿದ್ದಾರೆ, ಏನು ನುಂಗಿದ್ದು, ಎಷ್ಟು ನುಂಗಿದ್ದು ಅಂತ ಕೇಳ್ತಿದ್ದಾರೆ. ಯಾವ ಬೇವರ್ಸಿ ಕಟ್ಟಿಕೊಟ್ಟಿದ್ದು ಇದನ್ನ?"

'ನಾನೇ' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಡಬ್ಬಿಯನ್ನು ಕಸಿದುಕೊಂಡಿತು. ವಲಯದ ಮ್ಯಾನೇಜರ್. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವನಿಗೆ ಕೆಲಸದವರು ಗಡಿಯಾರ ಎಂದು ಹೆಸರಿಟ್ಟಿದ್ದರು.

"ಮೇಡಂ, ದಯವಿಟ್ಟು ಕೂತ್ಕೊಳ್ಳಿ. ಹತ್ತು ನಿಮಿಷದಲ್ಲಿ ಬರವಣಿಗೇಲೇ ಉತ್ತರ ಕೊಡ್ತೀವಿ," ಎಂದು ಹೊರಗಿನವಳಿಗೆ ನಕ್ಕವನು, ಒಳಗಿನವಳತ್ತ ತಿರುಗಿ ಹಲ್ಲು ಕಚ್ಚಿದನು. "ನಡಿ ಗೋದಾಮಿಗೆ."

ಆ ಔಷಧದಂಗಡಿಯ ಕಂಪ್ಯೂಟರು ಎರಡು ನಂಬರು ಕೇಳುತ್ತದೆ. ಔಷಧ ಕಟ್ಟಿದವರದು ಒಂದು. ಕಟ್ಟಿದ್ದನ್ನು ವೈದ್ಯರ ಬರಹದೊಡನೆ ಹೋಲಿಸಿ ನೋಡಿದವರದು ಇನ್ನೊಂದು. ಎರಡನ್ನೂ ಒತ್ತದೆ ಲೇಬಲ್ ಹೊರಬರದು. ಒಂಬತ್ತು ವರ್ಷ ಆ ಎರಡನೆಯ ನಂಬರು ದೊಡ್ಡಕ್ಕನದಾಗಿತ್ತು. ರಕ್ತಸಂಬಂಧವೇನಲ್ಲ, ಕೆಲಸದಲ್ಲಿ ಹಿರಿಯಳೆಂದು ಎಲ್ಲರೂ ಹಾಗೆ ಕರೆಯುತ್ತಿದ್ದರು. ಕಪಾಟಿನಿಂದ ಕಪಾಟಿಗೆ ಹಾರುತ್ತಿದ್ದ ಈ ಕಿರಿಯ ಫಾರ್ಮಸಿಸ್ಟಿಗೆ ಕಪ್ಪೆ ಎಂದು ಹೆಸರಿಟ್ಟವಳೂ ಅವಳೇ. "ಏ ಕಪ್ಪೆ, ಮತ್ತೆ ಒಂದು ಸೊನ್ನೆ ನುಂಗಿದ್ದೀಯಲ್ಲೇ!" ಎಂದು ಡಬ್ಬಿಯನ್ನು ಹಿಂದಕ್ಕೆ ತಳ್ಳುತ್ತಿದ್ದಳು.

ಮೂರು ವಾರದ ಹಿಂದೆ ಕಂಪನಿಯು ತನ್ನ ಪ್ರತಿಯೊಂದು ಅಂಗಡಿಯಿಂದಲೂ ಒಬ್ಬೊಬ್ಬ ಫಾರ್ಮಸಿಸ್ಟನ್ನು ಮನೆಗೆ ಕಳಿಸಿತು. ದೊಡ್ಡಕ್ಕ ಹೋದಳು. ಅವಳ ನಂಬರು ಹೋಗಲಿಲ್ಲ. "ಕಂಪ್ಯೂಟರಲ್ಲಿ ಇನ್ನೂ ಜೀವಂತ ಇದೆ. ಅದನ್ನೇ ಒತ್ತು," ಎಂದು ಗಡಿಯಾರ ಹೇಳಿದ್ದನು. ಕಪ್ಪೆ ಒತ್ತಿದಳು. ದಿನಕ್ಕೆ ಇನ್ನೂರು ಡಬ್ಬಿ. ಒಂದೊಂದಕ್ಕೆ ತೊಂಬತ್ತು ಸೆಕೆಂಡು. ಮೀರಿದರೆ ಪರದೆಯ ಅಂಚು ಕೆಂಪಾಗುತ್ತಿತ್ತು.

ಗೋದಾಮಿನಲ್ಲಿ ಕುರ್ಚಿಯಿರಲಿಲ್ಲ, ಕೆಲಸದವರು ಕೂತುಬಿಡುತ್ತಾರೆಂದು ತೆಗೆಸಿದ್ದರು. ಗಡಿಯಾರ ಕೆಮ್ಮಿನ ಔಷಧದ ಪೆಟ್ಟಿಗೆಗಳ ಮೇಲೆ ಒಂದು ಕಾಗದ ಹರಡಿದನು. ಅಚ್ಚುಕಟ್ಟಾದ ಮೂರು ಸಾಲು: 'ಪರಿಶೀಲಿಸುವ ಹೊಣೆ ಹಿರಿಯ ಫಾರ್ಮಸಿಸ್ಟರದಾಗಿತ್ತು. ಅವರು ನೋಡದೆಯೇ ತಮ್ಮ ನಂಬರನ್ನು ಒತ್ತಿದರು. ಇದಕ್ಕೆ ನಾನು ಸಾಕ್ಷಿ.'

"ಸಾರ್, ದೊಡ್ಡಕ್ಕ ಅವತ್ತು ಇರ್ಲೇ ಇಲ್ಲ."

"ಕಾಗದದಲ್ಲಿ ಇದ್ದಾಳೆ. ನೋಟಿಸ್ ಅವಧಿ ಈ ತಿಂಗಳ ಕೊನೆ ತನಕ."

"ಮನೇಲಿ ಕೂತವಳು ಇಲ್ಲಿನ ಡಬ್ಬಿ ಹೆಂಗೆ ನೋಡ್ತಾಳೆ? ದುರ್ಬೀನು ಕೊಟ್ಟು ಕಳ್ಸಿದ್ರಾ?"

"ನಾಲಗೆ ಉದ್ದ ಆಗಿದೆ ನಿಂದು. ತಪ್ಪು ಟೈಪ್ ಮಾಡಿದ್ದು ಯಾರ ಬೆರಳು, ಮುಂಡೇದೇ? ನಾನು ಬಾಯಿ ಬಿಟ್ರೆ ನಿನ್ನ ನೋಂದಣಿ ರದ್ದು. ಗಂಡ ಸೊಂಟ ಮುರ್ಕೊಂಡು ಮಲಗಿದ್ದಾನಂತಲ್ಲ, ಆಮೇಲೆ ಯಾರ ಮನೆ ಕಸ ಗುಡಿಸೋಕೆ ಹೋಗ್ತೀಯ? ಅವಳದು ಹೆಂಗೂ ಮುಗಿದ ಕಥೆ. ಸೈನ್ ಹಾಕು."

"ಮುಗಿದಿಲ್ಲ ಸಾರ್. ಹೆರಿಗೆ ಆಸ್ಪತ್ರೇಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಸೇರ್ಬೇಕು. ಇದು ಅಲ್ಲಿಗೆ ಹೋದ್ರೆ ಬಾಗಿಲಲ್ಲೇ ಹಿಂದಕ್ಕೆ ಕಳಿಸ್ತಾರೆ."

ಗಡಿಯಾರ ಮಣಿಕಟ್ಟು ನೋಡಿಕೊಂಡನು. "ಐದು ನಿಮಿಷ."

"ಬಾತ್‌ರೂಮಿಗೆ ಹೋಗ್ಬರ್ತೀನಿ."

"ಬೆಳಿಗ್ಗೆ ಒಂದ್ಸಲ ಹೋಗಿದ್ದೀಯಲ್ಲ?"

ಕಪ್ಪೆ ಹೋಗಿ ಚಿಲಕ ಹಾಕಿಕೊಂಡು, ನಿಂತೇ ದೊಡ್ಡಕ್ಕನಿಗೆ ಫೋನು ಮಾಡಿದಳು.

"ಏನೇ ಕಪ್ಪೆ, ಕೆಲಸದ ಹೊತ್ತಲ್ಲಿ?" ಆಚೆಯಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು.

ಕಪ್ಪೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

"ತಡಿ, ತಡಿ. ನನ್ನ ನಂಬರಾ? ನಾನಿಲ್ಲಿ ತಳ ಹಿಡಿದ ಪಾತ್ರೆ ಉಜ್ತಿದ್ದೀನಿ, ಅಲ್ಲೂ ದುಡೀತಿದ್ದೀನಾ? ಥೂ, ಸತ್ತರೂ ಹೆಣದ ಹೆಬ್ಬೆಟ್ಟು ಒತ್ತಿಸ್ಕೊಳ್ತಾರೆ ಈ ಬೋಳಿಮಕ್ಳು!" ದೊಡ್ಡಕ್ಕ ನಕ್ಕಳು. ನಗು ತಟ್ಟನೆ ನಿಂತಿತು. "ಎಷ್ಟು ದಿನದಿಂದ ಒತ್ತುತಿದ್ದೀಯ?"

"ನೀನು ಹೋದ ದಿನದಿಂದ."

ಆಚೆ ನಲ್ಲಿಯ ಸದ್ದು ನಿಂತಿತು.

"ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವೇನೆ?"

"ಸಾಲು ಬಿಡ್ಲಿಲ್ಲ ಅಕ್ಕ."

"ಸಾಲು!" ಆ ಪದವನ್ನು ದೊಡ್ಡಕ್ಕ ಕಹಿಯಂತೆ ಉಗುಳಿದಳು. "ಆ ಅಮ್ಮ ಹೆಂಗಿದ್ದಾಳೆ?"

"ನೀರು ಇಳೀತಿಲ್ವಂತೆ. ಡಬ್ಬಿ ಈ ನನ್ಮಗ ಇಟ್ಕೊಂಡಿದ್ದಾನೆ. ಸೈನ್ ಮಾಡ್ದೆ ಇದ್ರೆ..."

"ಮಾಡು, ಮಾಡ್ಬೇಡ ಅಂತ ನನ್ ಬಾಯಲ್ಲಿ ಹೇಳಿಸ್ಬೇಡ. ಒಂಬತ್ತು ವರ್ಷ ನಿನ್ನ ಡಬ್ಬಿ ನೋಡಿದ್ದೀನಿ. ಇದನ್ನ ನೀನೇ ನೋಡ್ಕೋ."

ದೊಡ್ಡಕ್ಕ ಫೋನು ಇಟ್ಟಳು. ಹೊರಗಿನಿಂದ ಗಡಿಯಾರ ಬಾಗಿಲು ಬಡಿಯುತ್ತಿದ್ದನು.

ಕಪ್ಪೆ ಕಿಂಡಿಗೆ ಮರಳಿದಾಗ ಸಾಲು ಬಾಗಿಲು ದಾಟಿ ಬೀದಿಗೆ ಇಳಿದಿತ್ತು. ಯಾರದೋ ಮಗು ಅಳುತ್ತಿತ್ತು. "ಸತ್ತಮೇಲೆ ಕೊಡ್ತೀರೇನ್ರೀ ಮಾತ್ರೆ?" ಎಂದು ಯಾರೋ ಕೂಗಿದರು. ಗಡಿಯಾರ ಕಾಗದವನ್ನು ಅವಳ ಮುಂದೆ ತಳ್ಳಿ ಪೆನ್ನನ್ನು ಬೆರಳಿಗೆ ತುರುಕಿದನು.

ಅವಳು ಮೂರು ಸಾಲುಗಳ ಮೇಲೂ ಅಡ್ಡಗೆರೆ ಎಳೆದಳು. ಕೆಳಗೆ, ಲೇಬಲ್ಲಿನಲ್ಲಿ ಇರುವಂತೆ ದಪ್ಪಕ್ಷರಗಳಲ್ಲಿ, ಔಷಧದ ಹೆಸರನ್ನೂ ಪ್ರಮಾಣವನ್ನೂ ಬರೆದಳು. ಆಮೇಲೆ ಬರೆದದ್ದು ಇಷ್ಟು: 'ಹನ್ನೆರಡು ದಿನ, ಹನ್ನೆರಡು ಮಾತ್ರೆ. ವಾರಕ್ಕೆ ಎಂಬಲ್ಲಿ ದಿನಕ್ಕೆ ಎಂದು ಒತ್ತಿದವಳು ನಾನು. ಹೋಲಿಸಿ ನೋಡಿದವರು ಯಾರೂ ಇಲ್ಲ. ಮನೆಗೆ ಕಳಿಸಿದವಳ ನಂಬರನ್ನು ಒತ್ತಿದವಳೂ ನಾನು. ಒತ್ತಿಸಿದವರು ವಲಯದ ಮ್ಯಾನೇಜರ್.' ಅದರಡಿ ತನ್ನ ನೋಂದಣಿ ಸಂಖ್ಯೆ ಬರೆದು ಸಹಿ ಹಾಕಿದಳು.

"ಏನದು? ಏನ್ ಗೀಚ್ತಿದ್ದೀಯ, ಕೊಡಿಲ್ಲಿ!"

ಗಡಿಯಾರನ ಕೈ ತಲುಪುವ ಮೊದಲೇ ಕಾಗದ ಕಿಂಡಿಯಿಂದ ಆಚೆ ಹೋಗಿತ್ತು. ಹೊರಗೆ ಕಾದಿದ್ದ ಮಗಳು ಅದನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಓದೋದು ಆಮೇಲೆ," ಎಂದು ಕಪ್ಪೆ ಕೂಗಿದಳು. "ಮೊದಲು ಫೋಟೋ ತೆಗೆದು ವಾರ್ಡಿನ ಡಾಕ್ಟರಿಗೆ ಕಳಿಸಿ. ಇದಕ್ಕೆ ಮಾರುಮದ್ದಿದೆ. ತಡ ಮಾಡ್ಬೇಡಿ!"

ಮಗಳು ಆತುರದಲ್ಲಿ ತೆಗೆದ ಮೊದಲ ಚಿತ್ರ ಮಸುಕಾಯಿತು. ಸಾಲಿನ ಮುಂದಿದ್ದ ಮುದುಕನು ಕಾಗದವನ್ನು ಬಿಗಿಯಾಗಿ ಹಿಡಿದುಕೊಟ್ಟನು. ಎರಡನೆಯದು ಸ್ಪಷ್ಟವಾಗಿ ಬಂದು, ವಾರ್ಡಿನಲ್ಲಿದ್ದ ಅವಳ ತಮ್ಮನಿಗೆ ಹೋಯಿತು. ಆಮೇಲೆ ಅವಳು ನಿಂತಲ್ಲೇ ಓದಿದಳು. ತುಟಿ ಅಲುಗುತ್ತ, ಒಂದೊಂದು ಪದವನ್ನೂ ಓದಿದಳು.

"ಹಂಗಾದ್ರೆ ನಾನ್ಯಾರ ಕುತ್ತಿಗೆ ಹಿಡೀಲಿ?"

ಕಪ್ಪೆ ಪಕ್ಕದ ಸಣ್ಣ ಬಾಗಿಲನ್ನು ತೆರೆದು ಈಚೆ ಬಂದಳು.

"ಮೊದಲು ನಂದು ಹಿಡೀರಿ. ಬಿಡ್ಬೇಡಿ. ಸರ್ಕಾರದ ಔಷಧ ಪರಿಶೀಲಕರ ಕಚೇರಿ ನಾಲ್ಕು ಬೀದಿ ಆಚೆ. ಹಿಡ್ಕೊಂಡೇ ನಡೀರಿ, ಒಳಗೆ ನಾನೇ ಬಾಯಿ ಬಿಡ್ತೀನಿ."

"ಏಯ್! ನೀನು ಹೊರಗೆ ಕಾಲಿಟ್ರೆ ಅಂಗಡಿ ಮುಚ್ಬೇಕಾಗತ್ತೆ ಕಣೇ!" ಗಡಿಯಾರನ ದನಿ ಮೊದಲ ಬಾರಿಗೆ ಒಡೆಯಿತು. "ಫಾರ್ಮಸಿಸ್ಟ್ ಇಲ್ದೆ ಒಂದು ಮಾತ್ರೆ ಮಾರಂಗಿಲ್ಲ!"

"ಮುಚ್ಚಿ ಸಾರ್."

ಮಗಳು ಕೈ ಚಾಚಿ ಬಿಳಿ ಕೋಟಿನ ಕಾಲರನ್ನು ನಿಜವಾಗಿಯೇ ಹಿಡಿದಳು. ಕನಿಕರದಿಂದಲ್ಲ; ಮುಷ್ಟಿಯ ಗೆಣ್ಣುಗಳು ಬೆಳ್ಳಗಾಗಿದ್ದವು. ಮೇಲಿನ ಗುಂಡಿ ಕಪ್ಪೆಯ ಗಂಟಲಿಗೆ ಒತ್ತುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಸಾಲು ಎರಡಾಗಿ ಸೀಳಿ ದಾರಿ ಬಿಟ್ಟಿತು. "ನಮ್ಮ ಮಾತ್ರೆ?" ಎಂದು ಯಾರೋ ಕೇಳಿದರು. ಕಾಲರು ಹಿಡಿದವಳೂ ಹಿಡಿಸಿಕೊಂಡವಳೂ ಬಿಸಿಲಿಗೆ ಇಳಿದು, ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆ ಸೇರದೆ, ಎಡವುತ್ತ, ವಾಹನಗಳ ನಡುವೆ ರಸ್ತೆ ದಾಟತೊಡಗಿದರು.