ಕಂದಕ ಬೀಳುವುದಿಲ್ಲ

ಅಂಗೈಯಗಲದ ಕನ್ನಡಿಯೊಳಗೆ ಬೀದಿ ಬಂದು ನಿಂತಿತು—ಎದುರುಮನೆಯ ಹಸಿರು ಗೇಟು, ಸೈಕಲ್ಲಿನ ಹಿಂದಿನ ಚಕ್ರ, ನಾಯಿಯ ಬಾಲ ಮಾತ್ರ, ಪೆಟ್ಟಿಗೆಯನ್ನು ತುಸು ಹೊರಳಿಸಿದರೆ ಮಿಕ್ಕ ನಾಯಿಯೂ ಬಂತು, ಗಾಡಿ ಇನ್ನೂ ಬಂದಿಲ್ಲ, ಐವತ್ತು ದಾಟಿದ ಗಂಡಸು ತನ್ನದೇ ಮನೆಯ ಊಟದ ಕೋಣೆಯಲ್ಲಿ, ಬೀದಿಗಂಟಿದ ಕಿಟಕಿಯ ಕೆಳಗೆ, ಗೋಡೆಗೆ ಮುಖಮಾಡಿ ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ, ಯಾರಾದರೂ ನೋಡಿದರೆ ಏನೆಂದುಕೊಂಡಾರು, ಆದರೆ ಯಾರೂ ನೋಡಲಾರರು, ಪೆರಿಸ್ಕೋಪಿನ ಗುಟ್ಟೇ ಅದು, ನೋಡುವವನು ಕಾಣುವುದಿಲ್ಲ, ಆ ಮೊದಲ ಮಹಾಯುದ್ಧದ ಕಂದಕಗಳಲ್ಲಿ ತಲೆ ಎತ್ತಿದವನು ತಲೆ ಕಳೆದುಕೊಳ್ಳುತ್ತಿದ್ದ, ಅದಕ್ಕೇ ಈ ಉದ್ದನೆಯ ಪೆಟ್ಟಿಗೆ, ಮೇಲೊಂದು ಕನ್ನಡಿ, ಕೆಳಗೊಂದು ಕನ್ನಡಿ, ಮೇಲಿನದು ತಲೆಕೆಳಗು ಮಾಡಿದ್ದನ್ನು ಕೆಳಗಿನದು ನೆಟ್ಟಗೆ ಮಾಡುತ್ತದೆ, ಎರಡನ್ನೂ ಅಂಗಡಿಯ ಚೂರುಗಳಲ್ಲೇ ಕತ್ತರಿಸಿದ್ದ, ಗಾಜಿನಂಗಡಿಯಲ್ಲಿ ಅರ್ಧ ಆಯುಷ್ಯ ಕನ್ನಡಿ ಕತ್ತರಿಸಿದವನಿಗೆ ಅದೇನು ಮಹಾ. ನಾಳೆ ಮಧ್ಯಾಹ್ನ ಹೊಲಿಗೆ ಮಿಷನ್ ತಗೊಂಡು ಹೋಗೋಕೆ ಬರ್ತೀನಿ, ನಿನ್ನೆ ಫೋನಿನಲ್ಲಿ ಹೆಂಡತಿಯ ದನಿ ಹತ್ತಿಯಂತೆ ಮೆತ್ತಗಿತ್ತು, ಮೆತ್ತಗಿದ್ದಾಗಲೇ ಅವಳಿಗೆ ಹೆದರಬೇಕು, ಬೇಡ ಅನ್ನೋದಿದ್ರೆ ಎದುರಿಗೆ ಬಂದು ಬೇಡ ಅನ್ನಿ, ಒಂದೇ ಮಾತು ಸಾಕು, ಮಿಷನ್ ಗಾಡಿ ಹತ್ತಿದ ಮೇಲೆ ನಾನು ವಾಪಸ್ ಬರೋಳಲ್ಲ. ಒಂದೇ ಮಾತು. ಬೇಡ. ಎರಡಕ್ಷರ, ಬೆಳಗಿನಿಂದ ಬಾಯಲ್ಲಿಟ್ಟುಕೊಂಡು ಕುಳಿತಿದ್ದಾನೆ, ಕರಗದು, ಉಗುಳಲೂ ಬಾರದು.

ಬೆನ್ನ ಹಿಂದೆ ಊಟದ ಮೇಜು, ಅದರ ಮೇಲೆ ಊಟ ಮಾಡಿದ್ದು ಯಾವ ಕಾಲದಲ್ಲೋ, ಈಗ ಅದು ಅವನು ಕೈಯಾರೆ ಮಾಡುತ್ತಿರುವ ಪುಟ್ಟ ಯುದ್ಧಭೂಮಿ, ಮರದ ಹೊಟ್ಟು, ಅಂಟು, ಮಣ್ಣುಬಣ್ಣ, ಉಗುರಗಲದ ಮರಳುಮೂಟೆಗಳು, ಅಂಕುಡೊಂಕಾದ ಕಂದಕ, ಯಾಕ್ರೀ, ನೆಟ್ಟಗೆ ಅಗೆಯೋಕೆ ಬರ್ತಿರಲಿಲ್ವಾ ಅವರಿಗೆ ಎಂದು ಅವಳು ಮೊದಮೊದಲು ಕೇಳಿದ್ದಳು, ನೆಟ್ಟಗಿದ್ರೆ ಒಂದು ಬಾಂಬು ಈ ತುದಿಯಿಂದ ಆ ತುದಿವರೆಗೂ ಎಲ್ಲರನ್ನೂ ಗುಡಿಸಿಹಾಕತ್ತೆ, ಡೊಂಕಿದ್ರೆ ಆ ಮೂಲೆಗೇ ಮುಗೀತು, ಓಹೋ ಎಂದು ಗಲ್ಲಕ್ಕೆ ಕೈಯಿಟ್ಟು ಕೇಳಿದ್ದಳು, ಆಗ ಕೇಳುತ್ತಿದ್ದಳು, ಒಂದರ ಮೇಲೊಂದು ರೆಕ್ಕೆಯ ಆ ಕಾಲದ ಪುಟ್ಟ ಮಾದರಿ ವಿಮಾನಗಳಿಗೆ ಅಸ್ತರಿನ ಬಟ್ಟೆ ಕತ್ತರಿಸಿ ಹೊಲಿದುಕೊಟ್ಟವಳೂ ಅವಳೇ, ಅವೆಲ್ಲ ಈಗ ಫ್ಯಾನಿಗೆ ಕಟ್ಟಿದ ದಾರದಲ್ಲಿ ತೂಗುತ್ತವೆ, ಎಂಥ ಸೆಕೆಯಲ್ಲೂ ಸ್ವಿಚ್ಚು ಮುಟ್ಟುವಂತಿಲ್ಲ, ಅವಳ ಅಕ್ಕನ ಗಂಡ, ಅವನ ಷಡ್ಡಕ, ಒಮ್ಮೆ ಬೆವರೊರೆಸಿಕೊಳ್ಳುತ್ತ ಅಂದಿದ್ದ, ಏನ್ ಸೇನಾಪತಿಗಳೇ, ಇಷ್ಟೊಂದು ವಿಮಾನ ಇಟ್ಕೊಂಡೂ ಒಂಚೂರು ಗಾಳಿ ಇಲ್ವಲ್ಲ ನಿಮ್ಮ ಮನೇಲಿ. ಅವಳು ನಕ್ಕಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು, ಯಾವಾಗ ಬಿಟ್ಟಳೋ, ಯಾವ ವಿಮಾನ ಯಾವ ತಿಂಗಳು ಯುದ್ಧಕ್ಕಿಳಿಯಿತೆಂದು ಅವನಿಗೆ ಗೊತ್ತು, ಇದು ಗೊತ್ತಿಲ್ಲ. ಹೋದ ವಾರ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಉಣ್ಣುತ್ತಿದ್ದವಳು ತಟ್ಟೆ ಕೆಳಗಿಟ್ಟು, ನಮ್ಮಿಬ್ಬರ ಮಧ್ಯೆ ದೊಡ್ಡ ಕಂದಕ ಬಿದ್ದುಬಿಟ್ಟಿದೆ ಕಣ್ರೀ ಎಂದಳು, ಅವನ ಕೈಯಲ್ಲಿ ಕುಂಚ, ಕುಂಚದಲ್ಲಿ ಅಂಟು ಒಣಗುತ್ತಿತ್ತು, ತಲೆಯೆತ್ತದೆ ಹೇಳಿಬಿಟ್ಟ, ಕಂದಕ ಬೀಳಲ್ಲ, ಅದನ್ನ ಅಗೀತಾರೆ. ಅಯ್ಯೋ, ನಾಲಿಗೆಗೆ ಯಾವ ದೆವ್ವ ಹೊಕ್ಕಿತ್ತು. ಹೌದು, ಅಗೀತಾರೆ, ಯಾರು ಅಗೆದಿದ್ದು ಅಂತ ನೀವೇ ಹೇಳಿ. ಅವನು ಕುಂಚವನ್ನು ಮತ್ತೆ ಅಂಟಿಗದ್ದಿದ. ಅವಳು ಚೀಲ ಹಿಡಿದು ಅಕ್ಕನ ಮನೆಗೆ ಹೊರಟಾಗಲೂ ಇಲ್ಲೇ ಕೂತಿದ್ದ, ಈ ಕನ್ನಡಿಯಲ್ಲೇ ನೋಡಿದ್ದ, ಅವಳು ಬೀದಿಗಿಳಿದು ತಿರುಗಿ ಕಿಟಕಿಯ ಹತ್ತಿರಕ್ಕೇ ಬಂದು ನಿಂತಳು, ಅಂಗೈಯಗಲದ ಗಾಜಿನೊಳಗೆ ಅವಳ ಎರಡು ಕಣ್ಣುಗಳು, ಹೊರಡುವ ಮುನ್ನ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದ. ವಾರವಿಡೀ ಅವನೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಉಂಡ. ಮೇಜನ್ನು ತೆರವು ಮಾಡಬಹುದಿತ್ತು. ಮಾಡಲಿಲ್ಲ.

ಗಾಡಿ ಬಂತು, ಕನ್ನಡಿ ತುಂಬಿತು, ಮೊದಲು ಷಡ್ಡಕನ ಹೊಟ್ಟೆ ಇಳಿಯಿತು, ಆಮೇಲೆ ಷಡ್ಡಕ, ಆಮೇಲೆ ಅವಳು, ಸೊರಗಿದ್ದಾಳೆಯೇ, ಇಲ್ಲ, ಬಿಸಿಲು, ಬೀಗದಲ್ಲಿ ಅವಳ ಕೀಲಿ ತಿರುಗಿತು, ಮುಂದಿನ ಕೋಣೆಯಲ್ಲಿ ಹೆಜ್ಜೆಗಳು, ನಡುವೆ ಮುಚ್ಚಿದ ಬಾಗಿಲು, ಚಿಲಕ ಹಾಕಿಲ್ಲ, ತಳ್ಳಿದರೆ ಸಾಕು. ನಮ್ಮ ಸೇನಾಪತಿ ಒಳಗಿದ್ದಾರೇನಮ್ಮ? ಇರ್ತಾರೆ ಭಾವ, ಯುದ್ಧ ಇನ್ನೂ ಮುಗಿದಿಲ್ವಲ್ಲ. ಕರೀಲಾ? ಬೇಡ. ಅವಳ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತು! ಏಳು, ಏಳೋ, ಎದ್ದು ಬಾಗಿಲು ತಳ್ಳು, ಯಾವ ಮುಖ ಹೊತ್ತು ತಳ್ಳಲಿ—ಮೊದಲಿಗೆ ಆ ಯುದ್ಧದ ವಿಮಾನಗಳಿಗೆ ಬಂದೂಕು ಇರಲಿಲ್ಲ, ಶತ್ರುಗಳು ಆಕಾಶದಲ್ಲಿ ಎದುರಾದರೆ ಒಬ್ಬರಿಗೊಬ್ಬರು ಕೈಬೀಸಿ ಹೋಗುತ್ತಿದ್ದರಂತೆ, ಅಷ್ಟೆತ್ತರದಲ್ಲಿ, ಆ ಚಳಿಯಲ್ಲಿ, ಮನುಷ್ಯ ಅಂತ ಕಾಣುವುದು ಎದುರಿನವನೊಬ್ಬನೇ—ಈಗ ಯಾಕೆ ಅದು, ಈಗಲ್ಲ—ಮಿಷನ್ನಿನ ಕಬ್ಬಿಣದ ಕಾಲು ನೆಲಕ್ಕೆ ಉಜ್ಜಿತು, ನಿಧಾನ ಭಾವ, ಸೂಜಿ ಇದೆ, ಉಸ್ಸಪ್ಪಾ, ಇದೇನಮ್ಮ ಒಳ್ಳೇ ಫಿರಂಗಿ ಇದ್ದಂಗಿದೆ, ಹೊಸ್ತಿಲು ದಾಟಿತು, ಹೊರಬಾಗಿಲು ಮುಚ್ಚಿತು, ಅವನು ಪೆಟ್ಟಿಗೆಯನ್ನು ಮತ್ತೆ ಕಣ್ಣಿಗೆ ಹಿಡಿದ. ಮಿಷನ್ ಇನ್ನೂ ಬೀದಿಯಲ್ಲೇ ಇದೆ, ಷಡ್ಡಕ ಗಾಡಿಯ ಹಿಂಬಾಗಿಲು ಇಳಿಸಿ, ಹತ್ತಿಸಲೇನಮ್ಮ ಎಂದ, ಅವಳು ತಿರುಗಿದಳು, ಕಿಟಕಿಯ ಹತ್ತಿರ ಬಂದಳು, ಇನ್ನೂ ಹತ್ತಿರ, ಕೂದಲು ಸರಿಮಾಡಿಕೊಳ್ಳಲಿಲ್ಲ, ಹಣೆ ಒರೆಸಿಕೊಳ್ಳಲಿಲ್ಲ, ಕನ್ನಡಿ ನೋಡಿಕೊಳ್ಳುವವರು ಹೀಗೆ ನೋಡುವುದಿಲ್ಲ, ಎಷ್ಟು ಗಿರಾಕಿಗಳನ್ನು ಕಂಡಿಲ್ಲ ಅವನು, ಹೀಗೆ ನೋಡುವುದು ಇನ್ನೊಬ್ಬರನ್ನು—ಅಯ್ಯೋ ಮಂಕೇ, ಕನ್ನಡಿಯಲ್ಲಿ ನಿನಗೆ ಅವಳ ಕಣ್ಣು ಕಂಡರೆ ಅವಳಿಗೂ ನಿನ್ನ ಕಣ್ಣು ಕಾಣುತ್ತದೆ, ಬೆಳಕು ಬಂದ ದಾರಿಯಲ್ಲೇ ಹಿಂದಕ್ಕೂ ಹೋಗುತ್ತದೆ, ಕನ್ನಡಿ ಕತ್ತರಿಸಿಯೇ ಅನ್ನ ತಿಂದವನಿಗೆ ಇದು ತಿಳಿಯದೆ ಹೋಯಿತೆ, ಹೋದ ವಾರವೂ ಕಂಡಿತ್ತು ಅವಳಿಗೆ, ಅವಳು ಹೊರಟದ್ದನ್ನು ನೋಡುತ್ತ, ತುಟಿ ಪಿಟಕ್ಕೆನ್ನದೆ ಅಡಗಿ ಕುಳಿತವನು ಕಂಡಿದ್ದ. ಈಗ ಏಳಬೇಕು, ಎದ್ದರೆ ಕಿಟಕಿ, ಕಿಟಕಿಯಾಚೆ ಅವಳು, ಬೇಡ ಅನ್ನಬೇಕು, ಕಾಲು ಜೋಮು ಹಿಡಿದಿದೆ, ಏಳಬೇಕಾದರೆ ಪೆಟ್ಟಿಗೆ ಕೆಳಗಿಡಬೇಕು, ಕೆಳಗಿಟ್ಟರೆ ಆ ಕಣ್ಣುಗಳು ಹೋಗಿಬಿಡುತ್ತವೆ, ಹತ್ತಿಸಿಬಿಡ್ಲಾ ಎಂದು ಷಡ್ಡಕ ಮತ್ತೆ ಕೂಗಿದ, ಅಂಗೈಯಗಲದ ಗಾಜು, ಅದರೊಳಗೆ ಅವಳ ಎರಡು ಕಣ್ಣುಗಳು, ರೆಪ್ಪೆ ಬಡಿಯದೆ, ಅವಳ ಎರಡು ಕಣ್ಣುಗಳು—