9,88,027ಕ್ಕೆ ಬಾಕಿ ಉಳಿದ ಭಾಗಾಕಾರ

2.
ಎಲ್ಲಿಂದ ಶುರು ಮಾಡಲಿ? ಒಂದರಿಂದ ಅನ್ನುತ್ತೀರಿ. ಆದರೆ ಒಂದು ಅವಿಭಾಜ್ಯ ಸಂಖ್ಯೆಯಲ್ಲ, ಮತ್ತು ನನ್ನ ದೊಡ್ಡಮ್ಮ ಈಗ ಅವಿಭಾಜ್ಯವಲ್ಲದ ಯಾವುದಕ್ಕೂ ಸೊಪ್ಪು ಹಾಕುವುದಿಲ್ಲ. ಹಾಗಾಗಿ ಎರಡರಿಂದ.

3.
9,88,027 ದೊಡ್ಡಮ್ಮನ ನೌಕರಿ ಸಂಖ್ಯೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಅವಳ ಕೊರಳಲ್ಲಿ ನೇತಾಡಿದ್ದು. ಗುಣವಿಶೇಷಗಳು: ಬೆಸ. ಅಂಕಿಗಳ ಮೊತ್ತ 34. ಪೂರ್ಣ ವರ್ಗವಲ್ಲ, 994ರ ವರ್ಗಕ್ಕೆ ಒಂಬತ್ತು ಕಡಿಮೆ. (ಇದನ್ನು ಹೇಳಬಾರದಿತ್ತು. ಲೆಕ್ಕದ ಮೇಷ್ಟ್ರುಗಳು ದಯವಿಟ್ಟು ಕಣ್ಣು ಮುಚ್ಚಿಕೊಳ್ಳಿ.)

ನಿವೃತ್ತಳಾದ ಮೇಲೆ ಬಾಗಿಲಿಗೊಂದು ಹಿತ್ತಾಳೆ ಫಲಕ ಮಾಡಿಸುತ್ತಿದ್ದಾಳೆ: "9,88,027. ಅವಿಭಾಜ್ಯ." ಹೆಸರು ಬೇಡವಂತೆ.

"ಮನೇಲೂ ಆಫೀಸಲ್ಲೂ ಎಲ್ಲರಿಗೂ ಹಂಚಿಹೋದೆ ಕಣೋ. ಇದೊಂದನ್ನಾದ್ರೂ ಯಾರೂ ಭಾಗ ಮಾಡಬಾರ್ದು."

ಆದರೆ ಪರೀಕ್ಷಿಸದೆ ಆ ಪದ ಕೆತ್ತಿಸುವವಳಲ್ಲ. ದಿನಕ್ಕೊಂದು ಅವಿಭಾಜ್ಯದಿಂದ, ಪೆನ್ಸಿಲ್ಲಿನಲ್ಲೇ, ಭಾಗಿಸುತ್ತ ಬಂದಳು. 166 ಮುಗಿದಿವೆ, ಪ್ರತಿ ಸಲವೂ ಏನಾದರೂ ಶೇಷ ಉಳಿದಿದೆ. ಇನ್ನು 991 ಎಂಬ ಅವಿಭಾಜ್ಯವೊಂದೇ ಬಾಕಿ. ಅದರಾಚೆ ನೋಡಬೇಕಿಲ್ಲ (ವರ್ಗಮೂಲದ ಕಾರಣಕ್ಕೆ, ನಂಬಿ).

5.
ನಾನು ಕ್ಯಾಲ್ಕುಲೇಟರಿನಲ್ಲಿ ನೋಡಿಬಿಟ್ಟೆ. ಕೆಟ್ಟೆ. 9,88,027 ಎಂದರೆ 991 × 997 (994ಕ್ಕೆ ಮೂರು ಕಡಿಮೆ, ಮೂರು ಹೆಚ್ಚು).

ಕಥೆ ನನ್ನದೇ ತಾನೇ, ಸಂಖ್ಯೆಯನ್ನೇ ಬದಲಿಸೋಣ ಎಂದು ಕೊನೆಯ ಏಳನ್ನು ಅಳಿಸಿ ಒಂಬತ್ತು ಬರೆದೆ. ಅದು ಒಂಬತ್ತರಿಂದಲೇ ಭಾಗವಾಯಿತು! ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು. ಆ ಡ್ರಾಫ್ಟು ಕಸದ ಬುಟ್ಟಿಯಲ್ಲಿದೆ.

7.
ಮುಕ್ತಾಯ ಅ: 991ರ ಪುಟದ ಮೇಲೆ ಕಾಫಿ ಚೆಲ್ಲುತ್ತೇನೆ. ("ಚೆಲ್ಲಿದ್ರೆ ನೀನೇ ಒರೆಸ್ಬೇಕು," ಎಂದು ದೊಡ್ಡಮ್ಮ ಪ್ಯಾರಾದೊಳಗಿಂದಲೇ ಗದರಿದಳು.)

ಮುಕ್ತಾಯ ಆ: ಅವಳು ಅಳುತ್ತಾಳೆ. ("ಯಾರು, ನಾನಾ? ಹೊಡೆದುಹಾಕು ಅದನ್ನ.")

ಹೊಡೆದುಹಾಕಿದೆ.

11.
ಬೆಳಗ್ಗೆ ಅವಳು 991ರಿಂದ ಭಾಗಿಸಲು ಕೂತಳು. ಒಂಬತ್ತು ಬಂತು. ಮತ್ತೆ ಒಂಬತ್ತು. ಉಳಿದದ್ದು 6,937. ಪೆನ್ಸಿಲ್ ನಿಂತಿತು. 166 ಭಾಗಾಕಾರ ಮಾಡಿದ ಕೈಗೆ ಏಳು ಸಲ, ಶೇಷ ಸೊನ್ನೆ ಎಂದು ಹೇಳಿಕೊಡಬೇಕೆ?

"ನಿಂಗೆ ಮೊದಲೇ ಗೊತ್ತಿತ್ತು. ಮುಖ ನೋಡಿದ್ರೆ ತಿಳಿಯುತ್ತೆ. ಎಷ್ಟು ಜನ ಭಾಗ ಮಾಡ್ತಾರೆ ಇದನ್ನ?"

"ಇಬ್ಬರೇ, ದೊಡ್ಡಮ್ಮ."

"ಇಬ್ಬರೇನಾ?" ಅವಳು ಗೋಡೆಯ ಫೋಟೋ ನೋಡಿದಳು. ಅದರಲ್ಲಿ ಶಾಲೆಯ ಯೂನಿಫಾರ್ಮ್ ಹಾಕಿ ನಿಂತವರು ನಾನು ಮತ್ತು ನನ್ನ ತಂಗಿ. ಅಮ್ಮ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದವಳು ಇವಳೇ. (ಇದನ್ನು ಮೂರರಲ್ಲೇ ಹೇಳಬೇಕಿತ್ತು. ನಾಚಿಕೆಯಾಯಿತು, ಹೇಳಲಿಲ್ಲ.)

"ಆ ಇಬ್ರು ಮಾತ್ರ ಅವಿಭಾಜ್ಯಾನೇ," ಅಂದಳು. "ಹಾಗೇ ಬೆಳೆಸಿದ್ದೀನಿ."

ಅಷ್ಟರಲ್ಲಿ ಫಲಕ ಕೆತ್ತುವವನ ಫೋನು. "ಅಮ್ಮಾ, ಸಂಖ್ಯೆ ಆಯ್ತು. 'ಅವಿಭಾಜ್ಯ' ಅನ್ನೋ ಪದ ಕೆತ್ಲಾ, ಬೇಡ್ವಾ?"

ದೊಡ್ಡಮ್ಮ ಫೋನನ್ನು ನನ್ನ ಕೈಗಿಟ್ಟಳು. "ಕಥೆ ನಂದು ಅಂತಿದ್ಯಲ್ಲ, ನೀನೇ ಹೇಳು."

13.
ಫೋನು ನನ್ನ ಕಿವಿಯಲ್ಲಿದೆ. ಅವನು ಕಾಯುತ್ತಿದ್ದಾನೆ. ದೊಡ್ಡಮ್ಮ ಇನ್ನೂ ಸೊನ್ನೆ ಬರೆದಿಲ್ಲ. ಪೆನ್ಸಿಲ್ ಚೂಪು ಮಾಡುತ್ತ ನನ್ನ ಬಾಯನ್ನೇ ನೋಡುತ್ತಿದ್ದಾಳೆ.